ನೈಲ್ಸ್ ಕ್ಯಾನ್ಯನ್ ರೈಲ್ವೆ: ತಿರುವಿನ ಸ್ಲೀಪರ್ ಕೆಲಸ, ಮೂರನೇ ಶನಿವಾರ

ಇವತ್ತು ಏಳು ಸ್ಲೀಪರ್ (ಹಳಿ ಕೆಳಗೆ ಅಡ್ಡಕ್ಕೆ ಹಾಕೋ ಮರದ ದಿಮ್ಮಿ) ಬದಲಾಯಿಸಿದ್ವಿ. ಹೋದ ವಾರ ನಾಲ್ಕೇ ಆಗಿದ್ದು, ಅದಕ್ಕೇ ಖುಷಿ ಜಾಸ್ತಿ.

ಗೊತ್ತಿಲ್ದೋರಿಗೆ ಹೇಳ್ತೀನಿ, ಇದು ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟ್‌ನ ನೈಲ್ಸ್ ಇಂದ ಸುನೋಲ್‌ವರೆಗೆ ಅಲಮೀಡಾ ಹೊಳೆ ಪಕ್ಕದಲ್ಲೇ ಹೋಗೋ ಲೈನು. ಪೂರ್ವ-ಪಶ್ಚಿಮ ಅಮೆರಿಕ ಸೇರಿಸಿದ ಮೊದಲ ರೈಲು ದಾರಿ 1869ರಲ್ಲಿ ಈ ಕಣಿವೆಲೇ ಹಾದುಹೋಗಿದ್ದು, 1984ರಲ್ಲಿ ಸದರ್ನ್ ಪೆಸಿಫಿಕ್ ರೈಲು ಕಂಪನಿಯೋರು ಲೈನ್ ಬಿಟ್ಟು ಹಳಿನೂ ಎತ್ಕೊಂಡು ಹೋದ್ಮೇಲೆ ವಾಲಂಟಿಯರ್‌ಗಳೇ ಕೈಯಾರೆ ಮತ್ತೆ ಹಳಿ ಹಾಸಿ 1988ರಲ್ಲಿ ರೈಲು ಓಡಿಸಿದ್ರು. ಅವತ್ತಿಂದ ಇವತ್ತಿಗೂ ವಾಲಂಟಿಯರ್‌ಗಳೇ ನಡೆಸ್ತಿರೋದು. ಜನ ಇಂಜಿನ್ ಫೋಟೋ ತೆಗೀತಾರೆ, ತೆಗೀಲಿ, ಆದ್ರೆ ನನಗೆ ಇಲ್ಲಿರೋ ದೊಡ್ಡ ಆಸ್ತಿ ಈ ಹಳಿನೇ ಅನ್ಸುತ್ತೆ.

ತಿರುವಲ್ಲಿ ಚಕ್ರ ಹೊರಗಿನ ಹಳಿನ ಒತ್ತುತ್ತೆ, ಮರ ಕೊಳೆತಿದ್ರೆ ಮೊಳೆ ಹಿಡಿತ ಬಿಡುತ್ತೆ, ಎರಡು ಹಳಿ ನಡುವಿನ ಅಂತರ ಮೆಲ್ಲಗೆ ಅಗಲ ಆಗುತ್ತೆ. ಇರ್ಬೇಕಾದ ಗೇಜು, ಅಂದ್ರೆ ಆ ಅಂತರ, 56½ ಇಂಚು, ನಾವು ಅಳೆದಾಗ ಒಂದು ಕಡೆ 57 ದಾಟಿತ್ತು. ಹಳೇ ಮೊಳೆ ಕೀಳಕ್ಕೆ ಹಾರೆ ಹಾಕಿದ್ರೆ ಬೆರಳಲ್ಲೇ ಎತ್ಕೊಂಡಂಗೆ ಬಂತು, ಒಳಗೆ ಮರ ಕಾಫಿಪುಡಿ ಥರ ಉದುರ್ತು.

ಮೂರನೇ ಸ್ಲೀಪರ್ ಮಾತ್ರ ಸತಾಯಿಸ್ತು. ಜಲ್ಲಿ ಬಗೆದು ಪಕ್ಕದಿಂದ ತಳ್ತಾ ಇದ್ರೆ ಅರ್ಧಕ್ಕೇ ನಿಂತೋಯ್ತು, ಕೆಳಗೆ ಬುರುಡೆ ಗಾತ್ರದ ಒಂದು ಕಲ್ಲು. ಹೊರಗೆ ಎಳೆದು ಮತ್ತೆ ಅಗೆದು ಕೂರ್ಸೋಕೆ ಮುಕ್ಕಾಲು ಗಂಟೆ ಹೋಯ್ತು, ಅಲ್ಲಿವರೆಗೂ ಬಿಸಿಲಲ್ಲಿ ಕ್ರಿಯೋಸೋಟ್ (ಮರ ಕೊಳೀದೇ ಇರ್ಲಿ ಅಂತ ಹಚ್ಚೋ ಡಾಂಬರಿನಂಥ ಎಣ್ಣೆ) ವಾಸನೆ ಮೂಗಿಗೆ ಅಡರ್ತಾನೇ ಇತ್ತು.

ಆ ವಾಸನೆ ಅಂದ್ರೆ ನನಗೆ ಅರಸೀಕೆರೆ. ಬೆಳಿಗ್ಗೆ ಬೆಳಿಗ್ಗೆ ಸುತ್ತಿಗೆ ಹೆಗಲಿಗೆ ಹಾಕ್ಕೊಂಡು ಹಳಿ ಮೇಲೆ ನಡೀತಿದ್ದ ಗ್ಯಾಂಗ್‌ಮನ್‌ಗಳು ಬಡಿಯೋ ಸದ್ದಲ್ಲೇ ಮೊಳೆ ಹೆಂಗಿದೆ ಅಂತ ಹೇಳ್ತಿದ್ರು. ಅದು ಹೆಂಗೆ ಅಂತ ಇವತ್ತು ಕೈಗೆ ತಿಳೀತು: ಮೊದಲ ಏಟಿಗೆ ಬರೀ ದಬ್, ಮರ ಕಚ್ಕೊಂತಾ ಹೋದಂಗೆ ಸದ್ದು ಏರುತ್ತೆ, ಪೂರ್ತಿ ಕೂತಾಗ ಟಣ್ ಅಂತ ಹಳಿನೇ ಉತ್ತರ ಕೊಡುತ್ತೆ. ದಿನಾ ಇದೇ ಕೆಲಸ ಮಾಡಿ ಮನೆಗೆ ಹೋಗ್ತಿದ್ದ ಆ ಜನರ ಮೇಲೆ ಈಗ ಎಷ್ಟು ಗೌರವ ಬರುತ್ತೆ ಅಂದ್ರೆ, ಹೇಳಕ್ಕಾಗಲ್ಲ.

ಸಂಜೆ ಗೇಜ್ ಹಿಡಿದಾಗ ಎಲ್ಲಾ ಕಡೆ ಸರಿ ಬಂತು. ಒಂದು ಸ್ಲೀಪರ್ ಕೆಳಗೆ ಮಾತ್ರ ಜಲ್ಲಿ ಇನ್ನೂ ಟೊಳ್ಳು, ಕಾಲಲ್ಲಿ ಒತ್ತಿದ್ರೂ ಗೊತ್ತಾಗುತ್ತೆ, ಮುಂದಿನ ಶನಿವಾರ ಮೊದಲು ಅದನ್ನ ಗಟ್ಟಿ ಮಾಡಿ ಆಮೇಲೆ ಹಳಿಗೆ ಹಳಿ ಜೋಡಿಸೋ ಎರಡು ಜಾಯಿಂಟ್ ಬೋಲ್ಟ್ ನೋಡ್ಬೇಕು. ಮಗಳೂ ಬರ್ತಾಳಂತೆ, ಅವಳಿಗೆ ಸಣ್ಣ ಗ್ಲೌಸ್ ಹುಡುಕ್ತಾ ಇದೀನಿ.