ಲಾಲ್‌ಬಾಗ್‌ನಲ್ಲಿ ಹಕ್ಕಿಗಳ ಚಿತ್ರ ತೆಗೆಯಲು ಒಂದು ದಿನ

ಕ್ಯಾಮೆರಾ ಹಿಡಿದು ಬೆಂಗಳೂರಿನ ಲಾಲ್‌ಬಾಗ್‌ಗೆ ಮೊದಲ ಸಲ ಹೋದಾಗ, 240 ಎಕರೆಯ ಆ ತೋಟವನ್ನು ಒಂದೇ ದಿನದಲ್ಲಿ ಸುತ್ತಿ ಮುಗಿಸಬೇಕೆಂಬ ಆತುರದಲ್ಲಿ ನಾನು ಯಾವ ಹಕ್ಕಿಯ ಎದುರೂ ಐದು ನಿಮಿಷ ನಿಲ್ಲಲಿಲ್ಲ. ಸಂಜೆ ಮನೆಗೆ ಬಂದು ನೋಡಿದರೆ ಬೆನ್ನು ತಿರುಗಿಸಿದ ಹಕ್ಕಿಗಳು, ಹಾರಿಹೋದ ಮೇಲೆ ಉಳಿದ ಖಾಲಿ ಕೊಂಬೆಗಳು, ಅಲುಗಾಡಿ ಮಸುಕಾದ ಚಿತ್ರಗಳೇ ಹೆಚ್ಚಾಗಿದ್ದವು. ಈ ಸಲ ಫೆಬ್ರುವರಿ ನಡುವಿನ ಒಂದು ವಾರದ ದಿನ ಹೋಗಿ, ಕೆರೆಯ ದಂಡೆ, ಹೂಬಿಟ್ಟ ಒಂದು ಮರ ಮತ್ತು ಹೆಬ್ಬಂಡೆ ಎಂಬ ಮೂರೇ ಜಾಗಗಳಲ್ಲಿ ಇಡೀ ದಿನವನ್ನು ಕಳೆದೆ. ಅಲ್ಲಿಗೆ ಹೋಗಲಿರುವವರಿಗೆ ನಾನು ಹೇಳಬೇಕೆಂದಿರುವುದೂ ಇದನ್ನೇ: ಹಕ್ಕಿಯನ್ನು ಬೆನ್ನಟ್ಟಿ ಹೋಗಬೇಡಿ, ಅದು ಬಂದೇ ಬರುವ ಜಾಗದಲ್ಲಿ ಮೊದಲೇ ಹೋಗಿ ಕುಳಿತುಕೊಳ್ಳಿ.

ಫೆಬ್ರುವರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣಗಳಿವೆ. ಚಳಿಗಾಲಕ್ಕೆ ಉತ್ತರದಿಂದ ಬಂದ ವಲಸೆ ಹಕ್ಕಿಗಳು ಆಗಿನ್ನೂ ಇಲ್ಲೇ ಇರುತ್ತವೆ. ಕೆಂಪು ಬೂರುಗದ ಮರಗಳು ಎಲೆಯುದುರಿಸಿ ಹೂ ಹೊತ್ತು ನಿಂತಿರುತ್ತವೆ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಮುಗಿದು ಜನಸಂದಣಿಯೂ ಇಳಿದಿರುತ್ತದೆ. ಜನವರಿ ಹಾಗೂ ಆಗಸ್ಟ್ ತಿಂಗಳ ಪ್ರದರ್ಶನದ ದಿನಗಳಲ್ಲಿ ಹಕ್ಕಿಗಳಿಗಾಗಿ ಹೋಗುವುದು ಬೇಡವೆಂದೇ ನನ್ನ ಸಲಹೆ. ಗಾಜಿನ ಮನೆಯ ಸುತ್ತಲಂತೂ ಆಗ ಕಾಲಿಡಲೂ ಜಾಗವಿರುವುದಿಲ್ಲ.

ತೋಟ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರವೇ ಇದೆ. ಭಾನುವಾರ ಮೆಟ್ರೋ ಸಂಚಾರ ತಡವಾಗಿ ಆರಂಭವಾಗುವುದರಿಂದ ಅಂದು ಹೊರಡುವವರು ಸಮಯವನ್ನು ಹಿಂದಿನ ದಿನವೇ ನೋಡಿಕೊಳ್ಳಬೇಕು. ಕ್ಯಾಮೆರಾಕ್ಕೆ ಪ್ರತ್ಯೇಕ ಶುಲ್ಕವಿದೆಯೇ, ಟ್ರೈಪಾಡ್ ಒಯ್ಯಬಹುದೇ ಎಂಬುದನ್ನು ದ್ವಾರದಲ್ಲೇ ವಿಚಾರಿಸಿ ರಸೀದಿಯನ್ನು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ನಾನು ಟ್ರೈಪಾಡ್ ಒಯ್ಯಲಿಲ್ಲ. ಹಳೆಯ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿಸಿ ರಾಗಿ ತುಂಬಿದ ಒಂದು ಸಣ್ಣ ಚೀಲವನ್ನು ಕಲ್ಲುಬೆಂಚಿನ ಬೆನ್ನಿನ ಮೇಲೋ ತಗ್ಗು ಗೋಡೆಯ ಮೇಲೋ ಇಟ್ಟು, ಅದರ ಮೇಲೆ ಲೆನ್ಸ್ ಊರಿದರೆ ಬೇಕಾದಷ್ಟು ಸ್ಥಿರತೆ ಸಿಗುತ್ತದೆ.

ಲೆನ್ಸ್ ಬಗ್ಗೆ ಒಂದು ಮಾತು. ಬಹಳ ದೂರದ ಹಕ್ಕಿಯನ್ನೂ ಹತ್ತಿರಕ್ಕೆ ತರುವ 600 ಎಂಎಂ ಲೆನ್ಸ್ ಇಲ್ಲಿಗೆ ಬೇಕೇ ಬೇಕು ಎಂದೇನೂ ಇಲ್ಲ. ಹಳ್ಳಿಯ ಕೆರೆಗಳಲ್ಲಿ ನಮ್ಮ ನೆರಳು ಕಂಡರೇ ಹಾರಿಹೋಗುವ ಕೊಳದ ಬಕ, ದಿನವೂ ನೂರಾರು ಜನ ನಡೆದಾಡುವ ಈ ತೋಟದಲ್ಲಿ ಹದಿನೈದು ಅಡಿ ದೂರದಲ್ಲೇ ನಿಶ್ಚಿಂತೆಯಿಂದ ನಿಂತಿರುತ್ತದೆ. ಆದ್ದರಿಂದ 300 ಎಂಎಂ ಲೆನ್ಸ್ ಇದ್ದವರೂ ಧೈರ್ಯವಾಗಿ ಬರಬಹುದು. ನಗರದ ಉದ್ಯಾನದ ದೊಡ್ಡ ಅನುಕೂಲವೇ ಇದು.

ಫೆಬ್ರುವರಿ ನಡುವಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂ ನಲವತ್ತಕ್ಕೆ. ಅಷ್ಟರೊಳಗೆ ನಾನು ಕೆರೆಯ ದಂಡೆಯಲ್ಲಿದ್ದೆ. ಸೂರ್ಯ ನಮ್ಮ ಬೆನ್ನಿಗಿರುವಂತೆ ಜಾಗ ಹಿಡಿಯುವುದು ಇಲ್ಲಿ ಮುಖ್ಯ. ಎದುರು ಬೆಳಕಿಗೆ ನಿಂತರೆ ನೀರಿನ ಹೊಳಪು ಹಕ್ಕಿಯನ್ನು ಕರಿ ಗೆರೆಯಾಗಿಸಿಬಿಡುತ್ತದೆ. ಇನ್ನೂ ಬೆಳಕು ಸಾಲದ ಹೊತ್ತಿನಲ್ಲಿ ಐಎಸ್‌ಒವನ್ನು, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವನ್ನು, 1600ಕ್ಕೆ ಏರಿಸಿ, ಕುಳಿತ ಹಕ್ಕಿಗೆ ಸೆಕೆಂಡಿನ 1/500 ಶಟರ್ ವೇಗವನ್ನಾದರೂ (ಶಟರ್ ತೆರೆದಿರುವ ಅವಧಿ) ಉಳಿಸಿಕೊಂಡೆ. ಚಿತ್ರದಲ್ಲಿ ಸ್ವಲ್ಪ ಕಾಳು ಕಾಣಿಸಿದರೂ ಪರವಾಗಿಲ್ಲ, ಅಲುಗಿದ ಚಿತ್ರವನ್ನು ಮಾತ್ರ ಸರಿಪಡಿಸಲಾಗುವುದಿಲ್ಲ.

ನೀರಿನಿಂದ ಮೇಲೆದ್ದ ಒಣ ಕೊಂಬೆಯೊಂದರ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಕುಳಿತಿತ್ತು. ಅದರ ಗರಿಗಳು ಬಾತುಕೋಳಿಯ ಗರಿಗಳಂತೆ ನೀರನ್ನು ಪೂರ್ತಿ ತಡೆಯುವುದಿಲ್ಲ. ಒದ್ದೆಯಾಗುವುದರಿಂದಲೇ ಅದು ಸಲೀಸಾಗಿ ಮುಳುಗಿ ಮೀನು ಹಿಡಿಯಬಲ್ಲದು, ಹಾಗಾಗಿಯೇ ಮೇಲೆ ಬಂದು ಗರಿ ಒಣಗಿಸಿಕೊಳ್ಳಬೇಕಾಗುತ್ತದೆ. ಈ ಸಂಗತಿ ತಿಳಿದಿದ್ದರೆ ಛಾಯಾಗ್ರಾಹಕನಿಗೆ ಲಾಭವಿದೆ. ಒಮ್ಮೆ ರೆಕ್ಕೆ ಬಿಚ್ಚಿದ ನೀರುಕಾಗೆ ಬೇಗ ಏಳುವುದಿಲ್ಲವಾದ್ದರಿಂದ, ಕೋನ ಬದಲಿಸಿ ಹಿನ್ನೆಲೆಯನ್ನು ಶುಚಿಮಾಡಿಕೊಳ್ಳಲು ನಿಧಾನವಾದ ಸಮಯ ಸಿಗುತ್ತದೆ. ಅದು ಕತ್ತು ತಿರುಗಿಸಿದಾಗ ಬಿಸಿಲಿಗೆ ಹೊಳೆದ ಹಸಿರು ಕಣ್ಣನ್ನು ನಾನು ಲೆನ್ಸಿನಲ್ಲಿ ಕಂಡದ್ದು ಅಂದೇ ಮೊದಲು.

ಬೆಳ್ಳಕ್ಕಿಯ ವಿಷಯದಲ್ಲಿ ಎಚ್ಚರ ತಪ್ಪಿದೆ. ಬಿಸಿಲು ಏರುತ್ತಿದ್ದಂತೆ ಅದೇ ಹೊಂದಾಣಿಕೆಯಲ್ಲಿ ತೆಗೆದ ಹತ್ತಾರು ಚಿತ್ರಗಳಲ್ಲಿ ಗರಿಗಳ ಎಳೆಯೊಂದೂ ಉಳಿಯದೆ ಹಕ್ಕಿ ಸುಣ್ಣದ ಮುದ್ದೆಯಂತಾಗಿತ್ತು. ಬಿಸಿಲಿನಲ್ಲಿರುವ ಬಿಳಿ ಹಕ್ಕಿಗೆ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣವನ್ನು, ಒಂದು ಹಂತದಷ್ಟು ಇಳಿಸಬೇಕು. ಆಕಾಶದ ಎದುರಿಗೆ ಕುಳಿತ ಹಕ್ಕಿಗೆ ಅಷ್ಟೇ ಏರಿಸಬೇಕು. ಇದನ್ನು ಓದಿ ತಿಳಿದಿದ್ದರೂ ಕೈಗೆ ರೂಢಿಯಾಗಿರಲಿಲ್ಲ. ಮನೆಯ ತಾರಸಿಯ ಮೇಲೆ ಪಾರಿವಾಳ, ಕಾಗೆಗಳ ಮೇಲೆ ಒಂದು ವಾರ ಅಭ್ಯಾಸ ಮಾಡಿ ಬನ್ನಿ.

ಒಂಬತ್ತರ ಹೊತ್ತಿಗೆ ನೀರಿನ ಮೇಲಿನ ಬೆಳಕು ಗಡುಸಾಗುತ್ತದೆ. ಆಗ ಬೂರುಗದ ಮರಕ್ಕೆ ಬಂದೆ. ದಿನದ ಅತ್ಯಂತ ಸಮೃದ್ಧ ಹೊತ್ತು ನನ್ನ ಪಾಲಿಗೆ ಇದೇ. ಎಲೆಗಳಿಲ್ಲದ ಕಾರಣ ಯಾವ ಹಕ್ಕಿಯೂ ಮರೆಯಾಗುವುದಿಲ್ಲ. ದಪ್ಪ ದಳಗಳ ಬಟ್ಟಲಿನಂಥ ಹೂಗಳಲ್ಲಿ ಮಕರಂದ ತುಂಬಿರುವುದರಿಂದ ಒಂದು ಹೋದರೆ ಇನ್ನೊಂದು ಬರುತ್ತಲೇ ಇರುತ್ತದೆ. ಮೈನಾಗಳು ಗುಂಪಾಗಿ ಬಂದವು, ಗಿಳಿಗಳು ಹೂವನ್ನೇ ಕಿತ್ತು ಕೆಳಗೆಸೆದವು, ಬೂದು ಕಾಜಾಣವೊಂದು ಹೂವಿಗೆ ಮುತ್ತುವ ಕೀಟಗಳನ್ನು ಹಾರಿ ಹಾರಿ ಹಿಡಿಯುತ್ತಿತ್ತು. ಒಂದೇ ಹೂವಿನ ಮೇಲೆ ಫೋಕಸ್ ಇಟ್ಟು ಮುಕ್ಕಾಲು ಗಂಟೆ ಕಾದೆ. ಕೊನೆಗೆ ಅದೇ ಹೂವಿಗೆ ಪಿಕಳಾರವೊಂದು ಬಂದು ತಲೆ ಬಗ್ಗಿಸಿ, ಮತ್ತೆ ಎತ್ತಿದಾಗ ಅದರ ಹಣೆಯ ಮೇಲೆಲ್ಲಾ ಪರಾಗದ ಹಳದಿ ಪುಡಿ ಅಂಟಿತ್ತು. ಆ ದಿನ ತೆಗೆದ ಎಲ್ಲ ಚಿತ್ರಗಳಲ್ಲಿ ನಾನು ಚೌಕಟ್ಟು ಹಾಕಿಸಿದ್ದು ಅದೊಂದನ್ನೇ.

ಹತ್ತೂವರೆಯಿಂದ ಮೂರರವರೆಗೆ ಚಿತ್ರ ತೆಗೆಯಲು ಹೆಣಗಬೇಡಿ. ಮುಖ್ಯ ದ್ವಾರದಿಂದ ಸ್ವಲ್ಪ ನಡೆದರೆ 1924ರಿಂದ ನಡೆದುಬಂದಿರುವ ಎಂಟಿಆರ್ ಹೋಟೆಲ್ ಇದೆ, ಸರದಿ ಕಾಯುವ ತಾಳ್ಮೆಯಿದ್ದವರು ಅಲ್ಲಿಗೆ ಹೋಗಬಹುದು. ನಾನು ಬುತ್ತಿಯಲ್ಲಿ ಒಯ್ದಿದ್ದ ಚಪಾತಿ ತಿಂದು, ತೋಟದೊಳಗಿನ ಹಾಪ್‌ಕಾಮ್ಸ್ ಮಳಿಗೆಯಲ್ಲಿ ಹಣ್ಣಿನ ರಸ ಕುಡಿದು, ನೆರಳಿನಲ್ಲಿ ಕುಳಿತು ಬೇಡದ ಚಿತ್ರಗಳನ್ನು ಅಳಿಸಿದೆ.

ಲಾಲ್‌ಬಾಗ್‌ನ ಹಳೆಯ ಮರಗಳ ಪೊಟರೆಗಳಲ್ಲಿ ಹಾಲಕ್ಕಿಗಳು ವಾಸಿಸುತ್ತವೆ. ಬುಡುಬುಡುಕೆಯವರು ಮುಂಜಾನೆ ಮನೆಬಾಗಿಲಿಗೆ ಬಂದು ಶಕುನ ಹೇಳುವುದು ಇದೇ ಪುಟ್ಟ ಗೂಬೆಯ ಹೆಸರಿನಲ್ಲಿ. ಹಗಲಿನಲ್ಲಿ ಜೋಡಿಯಾಗಿ ಪೊಟರೆಯ ಬಾಯಲ್ಲಿ ಕುಳಿತು ದುಂಡು ಹಳದಿ ಕಣ್ಣುಗಳನ್ನು ಅರೆಮುಚ್ಚಿ ನೋಡುವ ಈ ಹಕ್ಕಿಯನ್ನು ಎಲ್ಲರೂ ಬಯಸುತ್ತಾರೆ, ಹಾಗಾಗಿಯೇ ಎಲ್ಲರೂ ಕಾಡುತ್ತಾರೆ. ಅಂದು ಮರದ ಬುಡದಲ್ಲಿದ್ದ ಇಬ್ಬರು ಹಕ್ಕಿ ಇತ್ತ ತಿರುಗಲೆಂದು ಕಾಂಡವನ್ನು ಬಡಿಯುತ್ತಿದ್ದರು. ನನಗೆ ಬಹಳ ನೋವಾಯಿತು. ಬೇಡವೆಂದು ಕೇಳಿಕೊಂಡೆ, ಅವರು ನಿಲ್ಲಿಸಿದರು. ಇದು ಅವು ಗೂಡು ಮಾಡುವ ಕಾಲ. ಫ್ಲ್ಯಾಶ್ ಬಳಸಬೇಡಿ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ, ನಾಲ್ಕಾರು ಚಿತ್ರ ತೆಗೆದು ಸರಿದುಬಿಡಿ, ಮರ ಎಲ್ಲಿದೆಯೆಂದು ಜಾಲತಾಣದಲ್ಲಿ ಬರೆಯಬೇಡಿ. ನಾನೂ ಇಲ್ಲಿ ಬರೆದಿಲ್ಲ.

ನಾಲ್ಕೂವರೆಗೆ ಕೆಂಪೇಗೌಡ ಗೋಪುರವಿರುವ ಹೆಬ್ಬಂಡೆಯನ್ನು ಹತ್ತಿದೆ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಗುರುತಿಸಿರುವ ಈ ಬಂಡೆ ಹಗಲೆಲ್ಲ ಕಾಯ್ದಿರುತ್ತದೆ. ಅದರಿಂದೇಳುವ ಬಿಸಿಗಾಳಿಯ ಆಸರೆಯಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತವೆ, ಕೆಲವೊಮ್ಮೆ ನಾವು ನಿಂತ ಮಟ್ಟಕ್ಕೇ ಇಳಿದು ಬರುತ್ತವೆ. ಹಾರುವ ಹಕ್ಕಿಯ ಚಿತ್ರ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನಗರದೊಳಗೆ ನನಗೆ ತಿಳಿದಿಲ್ಲ. ವೇಗವನ್ನು 1/2000ಕ್ಕೆ ಏರಿಸಿ, ಹಾರುವ ಹಕ್ಕಿಯನ್ನು ಎಡೆಬಿಡದೆ ಹಿಂಬಾಲಿಸುವ ಫೋಕಸ್ ಇಟ್ಟು, ಹದ್ದು ತಿರುವು ತೆಗೆದುಕೊಳ್ಳುವಾಗ ರೆಕ್ಕೆಯ ಮೇಲ್ಭಾಗಕ್ಕೆ ಬಿಸಿಲು ಬೀಳುವ ಒಂದು ಕ್ಷಣಕ್ಕಾಗಿ ಕಾಯಬೇಕು. ಬಂಡೆಯ ಇಳಿಜಾರು ಕೆಲವೆಡೆ ಜಾರುತ್ತದೆ, ಕಣ್ಣು ಕ್ಯಾಮೆರಾದಲ್ಲಿರುವಾಗ ಹೆಜ್ಜೆ ಕೀಳಬೇಡಿ.

ಆರರ ನಂತರ ಗಿಳಿಗಳು ಗುಂಪು ಗುಂಪಾಗಿ ಕೂಗುತ್ತಾ ಮರಗಳಿಗೆ ಮರಳತೊಡಗಿದವು. ತೋಟ ಮುಚ್ಚುವುದು ಏಳಕ್ಕೆ. ಕಾವಲುಗಾರರು ಅದಕ್ಕೂ ಮೊದಲೇ ಸೀಟಿ ಊದುತ್ತಾ ಬರುವುದರಿಂದ, ಬಂಡೆಯಿಂದ ಪಶ್ಚಿಮ ದ್ವಾರಕ್ಕೆ ನಡೆಯಲು ಇಪ್ಪತ್ತು ನಿಮಿಷ ಇಟ್ಟುಕೊಂಡು ಆರೂವರೆಗೇ ಇಳಿಯಿರಿ.