ಟೊರಾಂಟೊದ ಡಾನ್ ನದಿ ದಂಡೆಯಲ್ಲಿ ನಡೆಯುವವರಿಗೆ

ಟೊರಾಂಟೊಗೆ ಹೋದವರೆಲ್ಲ ಸಿಎನ್ ಟವರ್, ನಯಾಗರ ಅಂತ ಓಡುತ್ತಾರೆ. ಅರ್ಧ ದಿನ ಉಳಿದರೆ ಡಾನ್ ನದಿ ದಂಡೆಗೆ ಇಳಿದುನೋಡಿ. ಊರಿನ ಉತ್ತರಕ್ಕಿರುವ ಓಕ್ ರಿಡ್ಜಸ್ ದಿಬ್ಬಗಳಲ್ಲಿ ಹುಟ್ಟಿ, ಸುಮಾರು 38 ಕಿ.ಮೀ. ಹರಿದು ಒಂಟಾರಿಯೊ ಸರೋವರ ಸೇರುವ ಪುಟ್ಟ ನದಿ ಇದು.

ಬ್ರಾಡ್‌ವ್ಯೂ ಸಬ್‌ವೇ ನಿಲ್ದಾಣದಲ್ಲಿ ಇಳಿದು ಉತ್ತರಕ್ಕೆ ನಡೆದರೆ ಪಾಟರಿ ರೋಡ್ ಸಿಗುತ್ತದೆ. ಅಲ್ಲಿಂದ ಕಡಿದಾದ ಇಳಿಜಾರು. ಕೆಳಗೆ ಟಾಡ್‌ಮೋರ್ಡನ್ ಮಿಲ್ಸ್ ಅನ್ನೋ ಹಳೇ ಗಿರಣಿಗಳ ಜಾಗ ಇದೆ. ಪಕ್ಕದ ಕೊಳವನ್ನು ತಪ್ಪದೆ ನೋಡಿ. ಅದು ಹಿಂದೆ ನದಿಯೇ ಆಗಿತ್ತು! 1960ರ ಸುಮಾರಿಗೆ ಹೆದ್ದಾರಿ ಕಟ್ಟುವಾಗ ನದಿಯನ್ನು ಪಕ್ಕಕ್ಕೆ ತಳ್ಳಿದರು. ಹಳೇ ತಿರುವು ಅಲ್ಲೇ ನಿಂತುಹೋಯಿತು.

ಕೆಳಗೆ ಇಳಿದ ಮೇಲೆ ಒಂದು ಅನುಮಾನ ಬಂದೇ ಬರುತ್ತದೆ. ಇಷ್ಟು ಸಣ್ಣ ನದಿಗೆ ಇಷ್ಟು ದೊಡ್ಡ ಕಣಿವೆ ಯಾಕೆ? ಹಿಮಯುಗದ ಕೊನೆಯಲ್ಲಿ ಈಗಿನದಕ್ಕಿಂತ ಎತ್ತರದಲ್ಲಿ ಬೇರೊಂದು ಸರೋವರ ಇತ್ತು. ಅದರ ನೀರು ಇಳಿದಂತೆ ನದಿ ಮೆತ್ತನೆ ಮಣ್ಣನ್ನು ಕೊರೆಯುತ್ತಾ ಆಳಕ್ಕೆ ಇಳಿಯಿತು. ಇನ್ನೂ ಹಳೇ ಕಥೆ ಬೇಕಿದ್ದರೆ ಹತ್ತಿರದ ಬ್ರಿಕ್ ವರ್ಕ್ಸ್‌ಗೆ ಹೋಗಿ. 1889ರಿಂದ ಸುಮಾರು ನೂರು ವರ್ಷ ಇಟ್ಟಿಗೆಗೆ ಮಣ್ಣು ತೆಗೆದ ಹೊಂಡ ಅದು. ಹಿಂದಿನ ಹಿಮಯುಗಕ್ಕೂ ಮೊದಲಿನ ಮಣ್ಣಿನ ಪದರಗಳು ಗೋಡೆಯಲ್ಲಿ ಕಾಣುತ್ತವೆ. ಈಗ ಅಲ್ಲಿ ಕೊಳ, ಕಾಲುದಾರಿ, ಕಾಫಿ ಎಲ್ಲ ಇದೆ.

ಇಲ್ಲಿ ಮುಖ್ಯವಾದ ಮಾತು ಒಂದಿದೆ: ನಕ್ಷೆಯಲ್ಲಿ ರಸ್ತೆ ಪಕ್ಕದಲ್ಲೇ ಇದ್ದಂತೆ ಕಾಣುತ್ತದೆ, ಆದರೆ ಆ ರಸ್ತೆ ನಿಮ್ಮ ತಲೆ ಮೇಲಿನ ಸೇತುವೆಯಲ್ಲಿ ಇರುತ್ತದೆ. ಪಾಟರಿ ರೋಡ್ ಬಿಟ್ಟರೆ ರಿವರ್‌ಡೇಲ್ ಪಾರ್ಕ್ ಕಾಲ್ಸೇತುವೆ, ಕ್ವೀನ್ ಸ್ಟ್ರೀಟ್ ಮೆಟ್ಟಿಲು, ಕಾರ್ಕ್‌ಟೌನ್ ಕಾಮನ್ ಅನ್ನೋ ಪಾರ್ಕ್, ಹೀಗೆ ಬೆರಳೆಣಿಕೆಯ ಕಡೆ ಮಾತ್ರ ಮೇಲೆ ಹತ್ತಬಹುದು. ಮಂಡಿ ನೋವಿನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಯೋಚಿಸಿ. ಅವರಿಗೆ ಬ್ರಾಡ್‌ವ್ಯೂ ರಸ್ತೆ ಪಕ್ಕದ ರಿವರ್‌ಡೇಲ್ ಪಾರ್ಕೇ ಸಾಕು. ಬೆಂಚಿನಲ್ಲಿ ಕೂತರೆ ಇಡೀ ಕಣಿವೆ, ಆಚೆಗೆ ಊರಿನ ಗೋಪುರಗಳು ಕಾಣುತ್ತವೆ. ನೀರು, ತಿಂಡಿ ಜೊತೆಗಿರಲಿ, ದಂಡೆಯಲ್ಲಿ ಅಂಗಡಿ ಇಲ್ಲ.

ಜೋರು ಮಳೆ ಬಂದ ದಿನ ಇಳಿಯಲೇಬೇಡಿ. ನದಿಯ ಸುತ್ತ ಬಹುತೇಕ ಡಾಂಬರು, ಕಾಂಕ್ರೀಟು. ಬಿದ್ದ ನೀರೆಲ್ಲ ಗಂಟೆಗಳಲ್ಲಿ ಕಣಿವೆಗೆ ನುಗ್ಗುತ್ತದೆ. 2013ರ ಜುಲೈನಲ್ಲಿ ಇಲ್ಲೇ ಒಂದು ರೈಲು ನೀರಲ್ಲಿ ಸಿಕ್ಕಿಕೊಂಡು, ಸಾವಿರಕ್ಕೂ ಹೆಚ್ಚು ಜನರಿದ್ದ ಅದರಿಂದ ದೋಣಿಗಳಲ್ಲಿ ಪ್ರಯಾಣಿಕರನ್ನು ಇಳಿಸಬೇಕಾಯಿತು. 2024ರ ಜುಲೈನಲ್ಲಿ ಹೆದ್ದಾರಿಯೇ ಮುಳುಗಿತ್ತು. ದಾರಿಯ ಕೆಲವು ಭಾಗ ಕೆಲಸಕ್ಕಾಗಿ ಆಗಾಗ ಮುಚ್ಚಿರುತ್ತದೆ, ನಗರಸಭೆಯ ಜಾಲತಾಣ ನೋಡಿ ಹೊರಡಿ.

ನನ್ನ ಪ್ರಕಾರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೇ ಸಮಯ. ಎಲೆ ಬಣ್ಣ ತಿರುಗಿರುತ್ತದೆ. ಅದೃಷ್ಟ ಇದ್ದರೆ ಪಾಟರಿ ರೋಡ್ ಕೆಳಗಿನ ಒಡ್ಡಿನ ಹತ್ತಿರ ಮೊಟ್ಟೆ ಇಡಲು ಮೇಲೇರುವ ದೊಡ್ಡ ಸಾಲ್ಮನ್ ಮೀನು ಕಾಣುತ್ತವೆ.

ರಿವರ್‌ಡೇಲ್ ದಾಟಿ ಸ್ವಲ್ಪ ದೂರಕ್ಕೆ ನದಿ ಸ್ಕೇಲ್ ಇಟ್ಟು ಎಳೆದ ಗೆರೆ ಆಗಿಬಿಡುತ್ತದೆ. 1880ರ ದಶಕದ ಕೊನೆಯಿಂದ ಕಾರ್ಖಾನೆ, ರೈಲಿಗೆ ಜಾಗ ಬೇಕೆಂದು ನೆಟ್ಟಗೆ ಮಾಡಿದ ಭಾಗ ಇದು. ಒಂದು ಕಡೆ ಹಳಿ, ನದಿಯಾಚೆ ಹೆದ್ದಾರಿ, ಗದ್ದಲ ಜಾಸ್ತಿ. ಸುಮ್ನೆ ಬೇಗ ನಡೆದುಬಿಡಿ.

ಕೊನೆಯಲ್ಲಿ ನದಿಯನ್ನು ತೊಂಬತ್ತು ಡಿಗ್ರಿ ತಿರುಗಿಸಿ ಕೀಟಿಂಗ್ ಕಾಲುವೆಗೆ ಬಿಟ್ಟಿದ್ದರು. ಪ್ರವಾಹದ ನೀರು ಅಷ್ಟು ಬೇಗ ತಿರುಗುತ್ತದೆಯೇ? ಊರಿಗೆ ನುಗ್ಗುವ ಭಯ ಇದ್ದೇ ಇತ್ತು. ಹಾಗಾಗಿ ಸುಮಾರು ಒಂದು ಕಿಲೋಮೀಟರ್ ಹೊಸ ಪಾತ್ರ ತೋಡಿ, ನದಿಗೆ ಇನ್ನೊಂದು ಬಾಯಿ ಕೊಟ್ಟಿದ್ದಾರೆ. ಅದರ ದಂಡೆಯ ಬಿಡಾಸಿಗೆ ಪಾರ್ಕ್ 2025ರ ಜುಲೈನಲ್ಲಿ ತೆರೆಯಿತು. ಮಕ್ಕಳಿದ್ದರೆ ಇಲ್ಲಿಂದಲೇ ಶುರು ಮಾಡಿ, ಆಟದ ಜಾಗ ಚೆನ್ನಾಗಿದೆ. ವಾಪಸ್ ಬರಲು ಚೆರ್ರಿ ಸ್ಟ್ರೀಟ್‌ನಲ್ಲಿ ಉತ್ತರಕ್ಕೆ ನಡೆದರೆ ಡಿಸ್ಟಿಲರಿ ಅನ್ನೋ ಹಳೇ ಬಡಾವಣೆ ಹತ್ತಿರ 504 ಸ್ಟ್ರೀಟ್‌ಕಾರ್ (ಟ್ರಾಮ್) ಸಿಗುತ್ತದೆ.