ಸಕಲೇಶಪುರ, ಸಖರಾಯಪಟ್ಟಣ: ರೈಲು ಫೋಟೋಗೆ ಹೋಗುವವರಿಗೆ

ಹಿಂದೊಮ್ಮೆ ಸಕಲೇಶಪುರಕ್ಕೆ ಹೋಗಿ ಮೆಮೊರಿ ಕಾರ್ಡ್ ತುಂಬುವಷ್ಟು ರೈಲು ಫೋಟೋ ತೆಗೆದುಕೊಂಡು ಬಂದಿದ್ದೆ. ಮನೆಯಲ್ಲಿ ಅಕ್ಕ ನಾಲ್ಕೈದು ನೋಡಿ, "ಎಲ್ಲಾ ಬರೀ ಎಂಜಿನ್ ಮೂತಿನೇ ಅಲ್ವೇನೋ, ಇದಕ್ಕೆ ಅಷ್ಟು ದೂರ ಯಾಕೆ ಹೋದೆ, ನಮ್ಮ ಹಾಸನ ಸ್ಟೇಷನ್ನಲ್ಲೇ ಸಿಕ್ತಿತ್ತಲ್ಲ" ಅಂದಳು. ಬೇಜಾರಾಯಿತು, ಆದರೆ ಮಾತು ನಿಜ. ಜೂಮ್ ಲೆನ್ಸ್ ಹಾಕಿ ಫ್ರೇಮ್ ತುಂಬಾ ರೈಲು ತುಂಬಿಸಿದ್ದೆ, ಘಾಟಿಗೆ ಜಾಗವೇ ಉಳಿದಿರಲಿಲ್ಲ. ಈ ಸಲ ಸಂಕ್ರಾಂತಿ ಮುಗಿದ ಮೇಲೆ ಭಾವಮೈದನನ್ನು ಕರೆದುಕೊಂಡು ಎರಡು ದಿನ ಮತ್ತೆ ಹೋದೆ. ಒಂದು ದಿನ ಘಾಟಿ, ಇನ್ನೊಂದು ದಿನ ಕಡೂರು-ಚಿಕ್ಕಮಗಳೂರು ಲೈನು.

ಹಳಿ ಮೇಲೆ ನಡೆದುಕೊಂಡು ಹೋಗುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರು, ಅದರಲ್ಲಿ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಒಂದು ಕಾಲದಲ್ಲಿ ಜನ ಗುಂಪು ಕಟ್ಟಿಕೊಂಡು ಟ್ರೆಕ್ಕಿಂಗ್ ಹೋಗುತ್ತಿದ್ದರು. ಈಗ ಹಿಡಿದರೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಹಾಕುತ್ತಾರೆ, ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ದಂಡ ಹೋಗಲಿ, ಸೇತುವೆ ಮಧ್ಯದಲ್ಲಿರುವಾಗ ಗಾಡಿ ಬಂದರೆ ಎಲ್ಲಿಗೆ ಓಡುತ್ತೀರಿ? ರೈಲಿನ ಒಳಗಿಂದ ತೆಗೆಯಿರಿ, ಇಲ್ಲಾ ರಸ್ತೆಯಿಂದ, ಇಲ್ಲಾ ತೋಟದವರನ್ನು ಕೇಳಿಕೊಂಡು ಅವರ ಬೇಲಿ ಒಳಗಿಂದ. ಅಷ್ಟೇ ಸಾಕು.

ಹಗಲು ಹೊತ್ತಿನ ಗಾಡಿಯನ್ನೇ ಹಿಡಿಯಬೇಕು. ಯಶವಂತಪುರದಿಂದ ಹಾಸನದ ಮೇಲೆ ಮಂಗಳೂರು, ಕಾರವಾರದ ಕಡೆ ಹೋಗುವ ಹಗಲು ಗಾಡಿಗಳು ಒಂದೊಂದೂ ವಾರದಲ್ಲಿ ಕೆಲವು ದಿನ ಮಾತ್ರ ಇರುತ್ತವೆ, ಹೊರಡುವ ಮುಂಚೆ ವಾರ ನೋಡಿಕೊಳ್ಳಿ. 2021ರಿಂದ ವಿಸ್ಟಾಡೋಮ್ ಬೋಗಿಯೂ ಇದೆ, ದುಡ್ಡು ಜಾಸ್ತಿ, ಗಾಜು ದೊಡ್ಡದು. ಆದರೆ ಗಾಜಿನಲ್ಲಿ ನಿಮ್ಮದೇ ಮುಖ ಬೀಳುತ್ತದೆ, ಕಪ್ಪು ಟವೆಲ್ ಒಂದು ಇಟ್ಟುಕೊಂಡು ಲೆನ್ಸಿನ ಸುತ್ತ ಹಿಡಿಯಿರಿ. ನನಗಂತೂ ಸಾದಾ ಬೋಗಿಯ ಕಿಟಕಿಯೇ ಇಷ್ಟ. ಕೈ, ತಲೆ ಮಾತ್ರ ಹೊರಗೆ ಹಾಕಬೇಡಿ, ಸುರಂಗದ ಗೋಡೆ ತೀರಾ ಹತ್ತಿರ ಬರುತ್ತದೆ. ಘಾಟಿಯಲ್ಲಿ ಗಾಡಿ ನಿಧಾನ, ಶಟರ್ ವೇಗ ಸೆಕೆಂಡಿನ 1/500 ಇದ್ದರೆ ಅಲುಗಾಡುವ ಚಿಂತೆ ಇಲ್ಲ.

ಕಿಟಕಿಯಿಂದ ಬರೀ ಕಣಿವೆ ತೆಗೆದರೆ ಅದು ಹಸಿರು ಹೊದಿಕೆ ಥರ ಕಾಣುತ್ತದೆ, ಆಳ ಗೊತ್ತಾಗುವುದಿಲ್ಲ. ತಿರುವಿನಲ್ಲಿ ನಿಮ್ಮದೇ ರೈಲಿನ ಮುಂದಿನ ಬೋಗಿಗಳು ಕಾಣುತ್ತವಲ್ಲ, ಅವನ್ನು ಫ್ರೇಮಿನ ಮೂಲೆಗೆ ಸೇರಿಸಿಕೊಳ್ಳಿ. ಬೋಗಿ ಎಷ್ಟು ದೊಡ್ಡದು ಅಂತ ಎಲ್ಲರಿಗೂ ಗೊತ್ತು. ಸೇತುವೆ ಮೇಲೆ ಆ ಬೋಗಿಯ ಚಕ್ರಕ್ಕಿಂತ ಕೆಳಗೆ ಮರಗಳ ನೆತ್ತಿ ಕಂಡರೆ ಸಾಕು, ನೋಡಿದವರ ಹೊಟ್ಟೆಯಲ್ಲಿ ಒಂದು ಸಲ ಚುಳ್ ಅನ್ನುತ್ತದೆ.

ಈ ಲೈನಿನ ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಕೇಳಿದರೆ ಏನೂ ಅನ್ನಿಸುವುದಿಲ್ಲ, ಪಕ್ಕದಿಂದ ನೋಡಿದರೂ ಅಷ್ಟೇ. ಲೆಕ್ಕ ಹಾಕಿ ನೋಡಿ: ಒಂದು ಬೋಗಿ 22ರಿಂದ 24 ಮೀಟರ್ ಉದ್ದ, 15 ಬೋಗಿ ಸೇರಿದರೆ 350 ಮೀಟರ್ ಹತ್ತಿರ, ಏರುವಾಗ ಕೊನೆ ಬೋಗಿಗಿಂತ ಎಂಜಿನ್ 7 ಮೀಟರ್ ಮೇಲಿರುತ್ತದೆ. ಎರಡಂತಸ್ತಿನ ಮನೆಯಷ್ಟು! ಅದು ಕಾಣಬೇಕಾದರೆ ಗಾಡಿ ಎದುರಿಗೆ ಬರುವ ಜಾಗ ಹುಡುಕಿ ಉದ್ದ ಲೆನ್ಸ್ ಹಾಕಿ. ಸಕಲೇಶಪುರದ ಮುಂದಿನ ಸ್ಟೇಷನ್ ದೋಣಿಗಾಲ್, ಅದರಾಚೆ ಪರಿಚಯದವರ ಕಾಫಿ ತೋಟದ ಏರಿನಲ್ಲಿ ನಾವು ಎರಡು ಗಂಟೆ ಕೂತು ತೆಗೆದೆವು, ಹಿಂದಿನ ಬೋಗಿಗಳು ಬಾವಿಯಿಂದ ಮೇಲೆ ಎಳೆದ ಹಾಗೆ ಬಂದವು. ಪಕ್ಕದ ಸಿಲ್ವರ್ ಓಕ್ ಮರಗಳನ್ನು ನೆಟ್ಟಗೆ ಇಟ್ಟುಕೊಂಡಿದ್ದಕ್ಕೆ ಏರು ಇನ್ನೂ ಎದ್ದು ಕಂಡಿತು. ಕ್ಯಾಮೆರಾ ವಾಲಿಸಿ ಹಳಿಯನ್ನು ಮಟ್ಟ ಮಾಡಿಬಿಟ್ಟರೆ ಎಲ್ಲಾ ಹೋಯಿತು. ಈಗ ಘಾಟಿಯಲ್ಲೂ ಕರೆಂಟ್ ಕಂಬಗಳು ನಿಂತಿವೆ, ಫೋಟೋ ಕೆಟ್ಟಿತು ಅಂತ ಗೊಣಗುವವರಿದ್ದಾರೆ. ದೂರ ಹೋದಂತೆ ಸಣ್ಣಗಾಗುವ ಕಂಬಕ್ಕಿಂತ ಒಳ್ಳೆ ಅಳತೆಗೋಲು ಎಲ್ಲಿದೆ, ನೀವೇ ಹೇಳಿ.

ಮಳೆಗಾಲದಲ್ಲಿ ಘಾಟಿ ಚಂದ, ನಿಜ. ಆದರೆ 2024ರ ಜುಲೈನಲ್ಲಿ ಎಡಕುಮೇರಿ ಹತ್ತಿರ ಮಣ್ಣು ಕುಸಿದು ಗಾಡಿಗಳೇ ನಿಂತಿದ್ದವು. ಇಂಬಳದ (ಜಿಗಣೆ) ಕಾಟ ಬೇರೆ. ನನ್ನ ಕೇಳಿದರೆ ಬೇಡ.

ಎರಡನೇ ದಿನ ಬೆಳಗಿನ ಜಾವ ಬೈಕ್ ಹತ್ತಿ ಬೇಲೂರು, ಚಿಕ್ಕಮಗಳೂರು ದಾಟಿ ಸಖರಾಯಪಟ್ಟಣದ ಕಡೆ. 2013ರಲ್ಲಿ ಶುರುವಾದ ಲೈನಿದು, ಗಾಡಿ ಕಮ್ಮಿ, ತಪ್ಪಿದರೆ ಸುಮ್ನೆ ಹೊಲ ನೋಡಿಕೊಂಡು ಕೂರಬೇಕು. ಪಶ್ಚಿಮಕ್ಕೆ ಬಾಬಾಬುಡನ್ ಸಾಲು, 1930 ಮೀಟರಿನ ಮುಳ್ಳಯ್ಯನಗಿರಿ ಇರುವುದು ಅದರಲ್ಲೇ. ಬೆಳಿಗ್ಗೆ ಬಿಸಿಲು ನಿಮ್ಮ ಬೆನ್ನಿಗೆ, ಬೆಟ್ಟದ ಮುಖಕ್ಕೆ. 8 ಗಂಟೆಯೊಳಗೆ ಅಲ್ಲಿರಿ.

ಇಲ್ಲಿ ನಾನು ಮೊದಲು ಮಾಡಿದ್ದು ಹಳಿಯ ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ಎಲ್ಲವನ್ನೂ ಹಿಡಿಯುವುದು. ರೈಲು ದೊಡ್ಡದಾಯಿತು, ಹಿಂದಿನ ಬೆಟ್ಟ ಇರುವೆ ಗೂಡಾಯಿತು. ಆಮೇಲೆ ಹೊಲದವರನ್ನು ಕೇಳಿ ಅರ್ಧ ಕಿಲೋಮೀಟರ್ ಹಿಂದಕ್ಕೆ ಹೋದೆವು. ಬೆಟ್ಟ ಎಷ್ಟೋ ಕಿಲೋಮೀಟರ್ ದೂರ ಇರುವುದರಿಂದ ನೀವು ಅರ್ಧ ಕಿಲೋಮೀಟರ್ ಹಿಂದೆ ಸರಿದರೆ ಅದಕ್ಕೇನೂ ಆಗುವುದಿಲ್ಲ, ರೈಲು ಮಾತ್ರ ಸಣ್ಣದಾಗುತ್ತದೆ. ಅಲ್ಲಿಂದ ಜೂಮ್ ಲೆನ್ಸನ್ನು 200 ಎಂಎಂವರೆಗೆ ಎಳೆದು ನೋಡಿದರೆ ಬೆಟ್ಟ ಗೋಡೆ ಥರ ರೈಲಿನ ಬೆನ್ನಿಗೆ ಬಂದು ನಿಲ್ಲುತ್ತದೆ. ನಾನು ಮನೆಯಲ್ಲಿ ಬೈಸಿಕೊಂಡಿದ್ದೂ ಇದೇ ಲೆನ್ಸಿಗೆ!

ಆ ಹೊಲದಲ್ಲಿ ರಾಗಿ ಮೆದೆ ಇತ್ತು. ಯಜಮಾನರು ಮೆದೆ ಪಕ್ಕ ನಿಂತು ಬೀಡಿ ಹಚ್ಚಿ, "ಏನ್ ಸ್ವಾಮಿ, ರೈಲ್ ನೋಡಕ್ಕೆ ಇಷ್ಟೊತ್ತು ಕಾಯ್ತೀರಾ, ಗೇಟ್ ಹಾಕ್ದಾಗ ಹೇಳ್ತೀನಿ ಕೂತ್ಕಳಿ" ಅಂದರು. ಗೇಟ್ ಬಿತ್ತು. ಯಜಮಾನರು, ಮೆದೆ, ಅವರ ಮೊಣಕೈ ಕೆಳಗೆ ಹಾದುಹೋಗುವ ರೈಲು, ಮೇಲೆಲ್ಲಾ ಬೆಟ್ಟ. ಖುಷಿಯಾಗಿ ಸ್ಕ್ರೀನ್ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, "ನಾನಿದೀನಿ, ರೈಲೆಲ್ಲಿ?" ಅಂದರು. ನೀಲಿ ಬೋಗಿಗಳು ಬೆಟ್ಟದ ನೀಲಿ ನೆರಳಲ್ಲಿ ಕರಗಿಹೋಗಿದ್ದವು, ಜೂಮ್ ಮಾಡಿ ಬೆರಳಿಟ್ಟು ತೋರಿಸಬೇಕಾಯಿತು.

ಹಾಗಾಗಿ ಸಣ್ಣದು ಅಂದರೆ ಅಷ್ಟು ಸಣ್ಣದಲ್ಲ. ಫ್ರೇಮಿನ ಅಗಲದಲ್ಲಿ ಐದರಲ್ಲೊಂದು ಪಾಲಾದರೂ ರೈಲಿಗಿರಲಿ, ಹಿಂದೆ ಬೇರೆ ಬಣ್ಣ ಇರಲಿ. ಮುಂದಿನ ಗಾಡಿಗೆ ನಾವು ನೂರು ಹೆಜ್ಜೆ ಪಕ್ಕಕ್ಕೆ ಸರಿದು, ಕೊಯ್ದ ಹೊಲದ ಒಣ ಹಳದಿ ಹಿಂದೆ ಬರುವ ಹಾಗೆ ನಿಂತೆವು. ಯಜಮಾನರೂ ಬೀಡಿ ಆರಿಸಿ ಜೊತೆಗೆ ಬಂದರು.